ಕುಟುಂಬಕ್ಕೆ ಸೇರದ ಅಪ್ಪ

ಅನ್ವಿತಾಳ ತಟ್ಟೆಗೆ ಮೀನು ಬೀಳದೆ ಒಂದು ಮಳೆಗಾಲವೇ ಕಳೆದುಹೋಗಿತ್ತು. ದೋಣಿಗಳು ಮತ್ತೆ ಕಡಲಿಗಿಳಿದವು. ಬಾರ್ಕೂರಿನ ಓಣಿಗಳಲ್ಲಿ ಮೀನಿನ ಟೆಂಪೋದ ಹಾರ್ನು ಮತ್ತೆ ಕೇಳತೊಡಗಿತು. ಆದರೂ ಆ ಒಂಬತ್ತರ ಹುಡುಗಿಯ ಪಾಲಿಗೆ ಬಂದದ್ದು ಗಂಜಿ, ಬೇಯಿಸಿದ ಹೆಸರುಕಾಳು, ಉಪ್ಪಿಲ್ಲದ ಮಜ್ಜಿಗೆ. ಕಣ್ಣು ಹಳದಿಯಾದರೆ ಕಾಮಾಲೆ, ಕಾಮಾಲೆಗೆ ಪಥ್ಯ ಎಂದು ಅವಳ ಅಜ್ಜಿ ಸರಸ ಶಿರೂರಿನ ಕಡೆಯಿಂದ ಬೇರಿನ ಮದ್ದು ತರಿಸಿದ್ದರು. ಮದ್ದು ಮುಗಿಯಿತು, ಪಥ್ಯ ಉಳಿಯಿತು. ಹಳದಿಯೂ ಉಳಿಯಿತು.

ಅಜ್ಜ ಲೀಲಾಧರ ಶೆಟ್ಟರಿಗೆ ಆ ಹಳದಿಯ ಬಗ್ಗೆ ಹೆದರಿಕೆಗಿಂತ ಹೆಚ್ಚಾಗಿ ಒಂದು ಕುತೂಹಲವಿತ್ತು. ಮುಂಬಯಿಯ ಕೋಟೆ ಪ್ರದೇಶದಲ್ಲಿ ಬಹುಕಾಲ ಕ್ಯಾಂಟೀನು ನಡೆಸಿ ಊರಿಗೆ ಮರಳಿದವರು ಅವರು. ಚಹಾದ ಬಣ್ಣ ನೋಡಿ ಹಾಲಿನ ಗುಣ ಹೇಳಬಲ್ಲವರು. ದಿನವೂ ಬೆಳಿಗ್ಗೆ ಮೊಮ್ಮಗಳನ್ನು ಜಗಲಿಯ ಬೆಳಕಿಗೆ ಕರೆದು, ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ತುಸು ಎಳೆದು ನೋಡುವರು.

"ಇವತ್ತ್ ಎಂತ ಬಣ್ಣ ಅಜ್ಜ?"

"ಹಲಸಿನ್ ಸೊಳೆ."

"ನಿನ್ನೆ ಅರಶಿನ ಅಂದಿದ್ರಿ."

"ಹಾಂಗಾರೆ ಒಂದ್ ಮೆಟ್ಲ್ ಇಳ್ದಿತ್ತ್."

ಇಳಿದದ್ದು ಮರುದಿನ ಮತ್ತೆ ಹತ್ತುತ್ತಿತ್ತು. ಹುಡುಗಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಆಗೀಗ ರಕ್ತ ಕೊಡಿಸಬೇಕಾಗುತ್ತಿತ್ತು. ಕೊನೆಗೆ ಅವಳ ತಾಯಿ ಸ್ನೇಹಲತಾ, ಬ್ರಹ್ಮಾವರದ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವವಳು, ಅತ್ತೆಗೆ ಹೇಳದೆ ಮಗಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಇದು ಕಾಮಾಲೆಯೇ ಅಲ್ಲ, ಹುಟ್ಟಿನಿಂದಲೇ ಬಂದ ಅಪರೂಪದ ರಕ್ತದ ಕಾಯಿಲೆ ಎಂದರು. ಹೆಸರು ಎಷ್ಟು ಉದ್ದವಿತ್ತೆಂದರೆ ಮನೆಯಲ್ಲಿ ಅದಕ್ಕೆ 'ಉದ್ದ ಹೆಸ್ರಿನ ಕಾಯ್ಲೆ' ಎಂದೇ ಹೆಸರಾಯಿತು. ಹೀಗೆಯೇ ಮುಂದುವರಿದರೆ ಹೊಟ್ಟೆ ಕೊಯ್ದು ಗುಲ್ಮ ತೆಗೆಯಬೇಕಾದೀತು. ಇಲ್ಲವೇ, ಮಕ್ಕಳ ಮೇಲೆ ಹೊಸ ಮಾತ್ರೆಯೊಂದರ ಪರೀಕ್ಷೆ ನಡೆಯುತ್ತಿದೆ, ಅದಕ್ಕೆ ಇವಳನ್ನು ಸೇರಿಸಬಹುದು ಎಂದರು ಡಾಕ್ಟರ್ ಅನಿಷಾ.

ಅದನ್ನು ಕೇಳಲು ಮನೆಯವರೆಲ್ಲ ಒಮ್ಮೆ ಹೋದರು. ಸ್ನೇಹಲತಾಳ ಗಂಡ ಅಶೋಕ್, ಬೈಂದೂರಿನ ಹೆದ್ದಾರಿಯ ಬದಿಯಲ್ಲಿ ಹೋಟೆಲಿಟ್ಟವನು, ಅಲ್ಲಿಂದಲೇ ರೈಲು ಹಿಡಿದು ಬಂದಿದ್ದ. ಡಾಕ್ಟರ್ ಅನಿಷಾ ಬಯಲುಸೀಮೆಯ ಕಡೆಯವರು, ಚಿಕ್ಕ ಪ್ರಾಯದವರು, ತಾಳ್ಮೆಯಿಂದ ವಿವರಿಸಿದರು. ಕೆಂಪು ರಕ್ತಕಣಕ್ಕೂ ಬದುಕಲು ಒಂದು ಉರಿ ಬೇಕು. ಈ ಮಗುವಿನ ಕಣಗಳಲ್ಲಿ ಆ ಉರಿ ಹತ್ತುವುದಿಲ್ಲ. ಅವು ಬೇಗ ಸಾಯುತ್ತವೆ, ಸತ್ತ ಕಣಗಳ ಬಣ್ಣವೇ ಕಣ್ಣಿನಲ್ಲಿ ಕಾಣುವ ಹಳದಿ.

"ಬರ್ನರಿನ್ ತೂತ್ ಕಟ್ಟಿದಾಂಗೆ," ಎಂದರು ಲೀಲಾಧರ ಶೆಟ್ಟರು. "ಗ್ಯಾಸ್ ಇತ್ತ್, ಉರಿ ಇಲ್ಲ."

ಡಾಕ್ಟರ್ ನಕ್ಕು, ಹೊಸ ಮಾತ್ರೆ ಆ ತೂತಿಗೆ ಹಾಕುವ ಪಿನ್ನು ಎಂದರು. ದೊಡ್ಡವರಲ್ಲಿ ಕೆಲವರಿಗೆ ಹಿಡಿದಿದೆ. ಮಕ್ಕಳಿಗೆ ಹಿಡಿಯುವುದೋ ಇಲ್ಲವೋ ಇನ್ನು ತಿಳಿಯಬೇಕು. ಮೊದಲ ಕೆಲವು ತಿಂಗಳು ಕೆಲವು ಮಕ್ಕಳಿಗೆ ನಿಜವಾದ ಮಾತ್ರೆ, ಕೆಲವರಿಗೆ ಅದರಂತೆಯೇ ಕಾಣುವ ಖಾಲಿ ಮಾತ್ರೆ. ಆಮೇಲೆ ಎಲ್ಲರಿಗೂ ನಿಜವಾದದ್ದು. ಯಾರಿಗೆ ಯಾವುದೆಂದು ಅಷ್ಟರವರೆಗೆ ಯಾರಿಗೂ ತಿಳಿಯುವಂತಿಲ್ಲ.

"ನಿಮ್ಗೂ ಗೊತ್ತಿಪ್ಪುದಿಲ್ಯಾ?" ಎಂದು ಕೇಳಿದರು ಶೆಟ್ಟರು.

"ನನಗೂ ಗೊತ್ತಿರುವುದಿಲ್ಲ."

ಪಾತ್ರೆಯೊಳಗೆ ಏನಿದೆಯೆಂದು ಗೊತ್ತಿಲ್ಲದೆ ಬಡಿಸುವ ಅಡುಗೆಯವರನ್ನು ಶೆಟ್ಟರು ತಮ್ಮ ಬದುಕಿನಲ್ಲಿ ಕಂಡಿರಲಿಲ್ಲ. ಅದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವ ವಿದ್ಯೆ ಅವರಿಗೆ ಬಹಳ ಹಿಡಿಸಿತು.

ಆಮೇಲೆ ಡಾಕ್ಟರ್ ಕೇಳಿದ್ದು ಕ್ರಮದ ಪ್ರಶ್ನೆ: ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಇಂಥ ತೊಂದರೆ ಇತ್ತೇ? ತಮ್ಮ ಕುಟುಂಬದಲ್ಲಿ ಇಲ್ಲ ಎಂದಳು ಸ್ನೇಹಲತಾ. ತಮ್ಮ ಕುಟುಂಬದಲ್ಲೂ ಇಲ್ಲ ಎಂದ ಅಶೋಕ್. ಸಂಬಂಧದೊಳಗೆ ಮದುವೆಯೇ ಎಂದು ಕೇಳಿದ್ದಕ್ಕೆ ಸರಸ ಮುಂದೆ ಬಂದು, ಗೋತ್ರದ ಹಾಗಿನ ಬಳಿ ತಮ್ಮದು ಬೇರೆ, ಅವರದು ಬೇರೆ, ಸಂಬಂಧ ಹೇಗಾಗುತ್ತದೆ ಎಂದರು. ಡಾಕ್ಟರ್ ಬರೆದುಕೊಂಡರು. ಶೆಟ್ಟರು ಪಕ್ಕದ ಕುರ್ಚಿಯಲ್ಲೇ ಇದ್ದರು. ಅವರನ್ನು ಯಾರೂ ಕೇಳಲಿಲ್ಲ. ಕೇಳಲಿಲ್ಲವೆಂಬುದು ಅವರಿಗೂ ಹೊಳೆಯಲಿಲ್ಲ.

ಮನೆಗೆ ಬಂದ ಮೇಲೆ ಶುರುವಾದ ಜಗಳ ವಾರಗಟ್ಟಲೆ ನಡೆಯಿತು. ತೆಂಗಿನಕಾಯಿ ತುರಿಯುವಾಗ ಒಂದಿಷ್ಟು, ಬಟ್ಟೆ ಒಣಹಾಕುವಾಗ ಇನ್ನೊಂದಿಷ್ಟು. ಸೊಸೆ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅರ್ಧಕ್ಕೆ ನಿಂತದ್ದು ಸಂಜೆ ಅವಳು ಚೀಲ ಇಳಿಸುವಷ್ಟರಲ್ಲಿ ಅಲ್ಲಿಂದಲೇ ಮುಂದುವರಿಯುತ್ತಿತ್ತು.

"ಟ್ರಯಲ್ ಅಂಬುದ್ ಯಕ್ಷಗಾನದವ್ರಿಗೆ ಹೇಳಿದ್ದ್," ಎಂದರು ಸರಸ. "ಹೆಣ್ಣಿನ್ ಮೈ ಮೇಲೆ ಎಂತ ಟ್ರಯಲ್?"

"ನಿಮ್ಮ ಶಿರೂರಿನ್ ಬೇರ್ ಎಂತ ಅತ್ತೆ? ಅದೂ ಟ್ರಯಲ್ಲೇ. ಬರ್ದ್ ಇಟ್ಕಂಬರ್ ಇರ್ಲಿಲ್ಲ, ಅಷ್ಟೆ."

ಸರಸ ತುರಿಯುತ್ತಿದ್ದ ಕಾಯಿಯ ಗಡಿಯನ್ನು ಕೆಳಗಿಟ್ಟರು. "ನಮ್ಮ ಕುಟುಂಬದಾಗೆ ಯಾರ ಕಣ್ಣೂ ಹಳ್ದಿ ಆಯ್ಲಿಲ್ಲ. ಮಕ್ಳ್ ಅಬ್ಬಿ ಕುಟುಂಬದ್ದ್. ಕಾಯ್ಲೆ ಬಂದದ್ದೂ ಅಲ್ಲಿಂದ್ಲೇ." ಅಬ್ಬಿಯೆಂದರೆ ತಾಯಿ; ಮಾತು ಬಿದ್ದದ್ದು ಸೊಸೆಯ ಮೇಲೆ.

ಅನ್ವಿತಾ ಅಜ್ಜನ ಪಕ್ಕದಲ್ಲಿ ಕೂತು ಹೆಸರುಕಾಳನ್ನು ಒಂದೊಂದಾಗಿ ತಿನ್ನುತ್ತಿದ್ದಳು. ತನ್ನ ಬಗ್ಗೆ ಇಷ್ಟು ಮಾತು ನಡೆಯುವಾಗ ತನಗೆ ಮಾತ್ರ ಮೀನಿಲ್ಲದಿರುವುದು ಅವಳಿಗೆ ಅನ್ಯಾಯವಾಗಿ ಕಂಡಿರಬೇಕು.

ತಿಂಗಳ ನಡುವೆ ರಕ್ತಪರೀಕ್ಷೆಯ ಫಲ ಬಂತು. ಸ್ನೇಹಲತಾ ಮಾವನನ್ನು ಜೊತೆಗೆ ಕರೆದುಕೊಂಡು ಹೋದಳು. ಮಗುವಿನ ರಕ್ತದಲ್ಲಿ ಕಂಡದ್ದು ಒಂದೇ ಬಗೆಯ ತಪ್ಪು, ಅದೂ ಬಹಳ ವಿರಳವಾದದ್ದು. ತಾಯಿಯ ರಕ್ತದಲ್ಲಿಯೂ ಅದು ಸಿಕ್ಕಿತು. ಕಾಯಿಲೆ ಬರಲು ತಾಯಿ ತಂದೆ ಇಬ್ಬರ ಪಾಲೂ ಕೆಟ್ಟಿರಬೇಕು. ತಂದೆಯಿಂದಲೂ ಅದೇ ಬಂದಿದೆಯೇ, ಅಥವಾ ತಂದೆಯ ಪಾಲಿನದು ಪೂರ್ತಿ ಅಳಿಸಿಹೋಗಿದೆಯೇ ಎಂಬುದು ಖಚಿತವಾಗಬೇಕು. ಎರಡನೆಯದಾದರೆ ಮಾತ್ರೆ ಹಿಡಿಯುವುದು ಅನುಮಾನ. ಅಶೋಕನ ರಕ್ತ ನೋಡದೆ ಮಗುವನ್ನು ಸೇರಿಸುವಂತಿಲ್ಲ, ಮತ್ತು ಈ ತಿಂಗಳ ಕೊನೆಗೆ ಸೇರ್ಪಡೆ ಮುಗಿಯುತ್ತದೆ.

"ಇಬ್ಬರಲ್ಲೂ ಇದೇ ತಪ್ಪು ಇದ್ದರೆ," ಎಂದರು ಡಾಕ್ಟರ್, ತಮಗೆ ತಾವೇ ಹೇಳಿಕೊಂಡಂತೆ, "ಎಲ್ಲೋ ಮೇಲೆ ಇಬ್ಬರಿಗೂ ಒಬ್ಬನೇ ಹಿರಿಯನಿರಬೇಕು."

ಆ ಮಾತು ಶೆಟ್ಟರ ಜೊತೆ ಬಸ್ಸು ಹತ್ತಿತು. ಸೀತಾನದಿಯ ಸೇತುವೆ ದಾಟುವಾಗಲೂ ಅವರು ಕಿಟಕಿಯ ಹೊರಗೆ ನೋಡದೆ ಅದನ್ನೇ ತಿರುವಿ ತಿರುವಿ ನೋಡುತ್ತಿದ್ದರು.

ಅಶೋಕ್ ಫೋನಿನಲ್ಲಿ ಹೋಟೆಲಿಗೆ ಜನವಿಲ್ಲವೆಂದ, ಸಪ್ಲೈಯರ್ ರಜೆಯೆಂದ, ಬರುವ ವಾರ ನೋಡುವ ಎಂದ. ಭಾನುವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನನ್ನು ಸ್ನೇಹಲತಾ ಬಿಡಲಿಲ್ಲ.

"ನನ್ ರಕ್ತ ಎಂತಕೆ?" ಎಂದ ಅಶೋಕ್. "ನಮ್ ಕುಟುಂಬದಾಗೆ ಇಲ್ಲ ಅಂದ್ ಹೇಳಿ ಆಯ್ತಲೆ."

"ನಿಮ್ಮ ಕುಟುಂಬ ಬ್ಯಾಡ. ನಿಮ್ಮ ಕೈ ಒಂದ್ ಸಾಕ್."

ಸರಸ ಮಗನ ತಟ್ಟೆಗೆ ಸಾರು ಹಾಕುತ್ತ, ಕೊಡುವುದು ಬೇಡವೆಂದರು. ನಾಳೆ ಊರಿಗೆ ಗೊತ್ತಾದರೆ ಇಡೀ ಕುಟುಂಬದ ರಕ್ತವೇ ಹಾಳೆಂದು ಆಡಿಕೊಳ್ಳುತ್ತಾರೆ. ಅಶೋಕನ ತಂಗಿಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಕುಟುಂಬ ಮುಂದುವರಿಯಬೇಕಾದದ್ದು ಅವರಿಂದ, ಅವರ ಮದುವೆಯ ಮಾತು ಬಂದಾಗ ಯಾರು ಜವಾಬು ಕೊಡುವುದು? ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಅಶೋಕ್ ಅನ್ನಕ್ಕೆ ಸಾರು ಕಲಸತೊಡಗಿದ. ಸ್ನೇಹಲತಾ ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದಳು.

ಆಗ ಶೆಟ್ಟರು, ಯಾವುದೋ ಲೆಕ್ಕ ತಪ್ಪಿದವರಂತೆ, ಹೆಂಡತಿಯನ್ನು ಕೇಳಿದರು.

"ಸರಸಾ, ನಾನ್ ಯಾವ ಕುಟುಂಬ?"

"ಇದೆಂತ ಕೇಣ್ತ್ರಿ? ನಿಮ್ದ್ ನಿಮ್ಮ ಅಬ್ಬಿ ಕುಟುಂಬ."

"ಹಾಂಗಾರೆ ಅಶೋಕ ಹೇಳಿದ್ ಕುಟುಂಬದಾಗೆ ನಾನಿಲ್ಲ."

"ನೀವ್ ಹ್ಯಾಂಗ್ ಇಪ್ಪುದ್?"

"ನನ್ನ ಅಪ್ಪಯ್ಯ?"

"ಅವ್ರ್ ನಿಮ್ಮ ಕುಟುಂಬದಾಗೂ ಇಲ್ಲ."

ಸರಸ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈ ಕಡೆಯ ಶೆಟ್ಟರ ಮನೆಗಳಲ್ಲಿ ಕುಟುಂಬವೆಂದರೆ ತಾಯಿಯ ಬಳ್ಳಿ. ಬಳಿ ತಾಯಿಯಿಂದ, ಮನೆಯ ದೈವ ತಾಯಿಯಿಂದ, ಹಿಂದೆ ಗದ್ದೆಯೂ ತಾಯಿಯಿಂದ. ಅಪ್ಪನೆಂಬವನು ಅಲ್ಲಿಯೇ ಉಂಡು ಅಲ್ಲಿಯೇ ಮಲಗಿ ಎದ್ದರೂ ಇನ್ನೊಂದು ಕುಟುಂಬದವನು. ಡಾಕ್ಟರು ಕುಟುಂಬವೆಂದು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಒಂದು ಮರ; ಇವರು ಉತ್ತರ ಕೊಟ್ಟದ್ದು ಆ ಮರದ ಒಂದೇ ಕೊಂಬೆಯ ಬಗ್ಗೆ. ಅಪ್ಪಂದಿರು, ಅಪ್ಪಂದಿರ ಅಪ್ಪಂದಿರು, ಅಜ್ಜಿಯರ ಅಪ್ಪಂದಿರು, ಎಲ್ಲರೂ ಆ ಪ್ರಶ್ನೆಯ ಹೊರಗೆ, ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತ ನೆಂಟರಂತೆ ಉಳಿದುಬಿಟ್ಟಿದ್ದರು.

ಸಂಜೆ ಶೆಟ್ಟರು ಸೊಸೆಯ ಹತ್ತಿರ ಹೋಗಿ, ಅವಳ ಕಡೆಯ ಅಪ್ಪಂದಿರನ್ನು ಒಬ್ಬೊಬ್ಬರಾಗಿ ಕೇಳಿದರು. ಅವಳ ಅಪ್ಪ ಯಾರೆಂದು ಗೊತ್ತಿತ್ತು, ಅವಳ ಅಬ್ಬಿಯ ಅಪ್ಪ ಯಾರೆಂದೂ ಗೊತ್ತಿತ್ತು. ಅಬ್ಬಿಯ ಅಬ್ಬಿ, ಎಂದರೆ ಕೆರಾಡಿಯಲ್ಲಿ ಈಗಲೂ ಗಟ್ಟಿಯಾಗಿರುವ ಪದ್ದಮ್ಮ, ಅವರ ಅಪ್ಪನ ಹೆಸರು ಮಾತ್ರ ಅವಳಿಗೆ ತಿಳಿದಿರಲಿಲ್ಲ.

"ಯಾರೋ ಬಾರ್ಕೂರ್ ಬದಿಯವ್ರ್ ಅಂಬ್ರ್ ಮಾವಯ್ಯ. ಎಂತಕೆ?"

"ಸುಮ್ನೆ," ಎಂದರು ಶೆಟ್ಟರು. "ನಾಳೆ ನಿಂಗೆ ರಜೆ ಸಿಕ್ಕುತ್ತಾ?"

ಕುಂದಾಪುರದಲ್ಲಿ ಬಸ್ಸು ಬದಲಿಸಿ ಇಬ್ಬರೂ ಕೆರಾಡಿಗೆ ಹೋದರು. ಕಡಲ ಗಾಳಿ ಹಿಂದೆ ಉಳಿಯಿತು; ರಸ್ತೆಯ ಎರಡೂ ಬದಿಗೆ ಕಾಡು ಹತ್ತಿರ ಬಂತು. ಪದ್ದಮ್ಮ ಜಗಲಿಯಲ್ಲಿ ಎಲೆ ಅಡಿಕೆಯ ಹರಿವಾಣವನ್ನು ಮುಂದಿಟ್ಟುಕೊಂಡು ಕೂತಿದ್ದರು. ಎಂಬತ್ತಾರು ದಾಟಿದ, ಬೆನ್ನು ಬಾಗಿದ, ಬಾಯಿ ಕೆಂಪಾದ ಮುದುಕಿ. ಮೊಮ್ಮಗಳ ಮಾವ ಇಷ್ಟು ದೂರ ಬಂದದ್ದು ಅವರಿಗೆ ಸಂಭ್ರಮ. ಕೂಕಣಿ ಕೂಕಣಿ ಎಂದು ಚಾಪೆ ಹಾಸಿದರು.

ಶೆಟ್ಟರು ಹರಿವಾಣದಿಂದ ಅಡಿಕೆ ಮತ್ತು ಎಲೆಗಳನ್ನು ತೆಗೆದು ಚಾಪೆಯ ಮೇಲೆ ಸಾಲಾಗಿ ಇಟ್ಟರು. ಎಲೆಯೆಂದರೆ ಹೆಂಗಸು, ಅಡಿಕೆಯೆಂದರೆ ಗಂಡಸು. ಈ ಚಿಗುರೆಲೆ ಅನ್ವಿತಾ, ಇದು ಸ್ನೇಹ, ಇದು ಅವಳ ಅಬ್ಬಿ, ಈ ದೊಡ್ಡೆಲೆ ನೀವು. ನಿಮ್ಮ ಪಕ್ಕದಲ್ಲಿ ನಿಮ್ಮ ಅಬ್ಬಿ. ಇಲ್ಲೊಂದು ಅಡಿಕೆ ಕಡಿಮೆ ಇದೆ.

"ನಿಮ್ಮ ಅಪ್ಪಯ್ಯನ್ ಹೆಸ್ರ್ ಎಂತ?"

ಪದ್ದಮ್ಮ ನಕ್ಕರು. "ಇಷ್ಟ್ ವರ್ಷಕ್ಕೆ ಇದನ್ನ್ ಕೇಂಡರ್ ನೀವೊಬ್ರೇ. ನನ್ನ ಮದಿ ಆಪತಿಗೂ ಯಾರೂ ಕೇಣ್ಲಿಲ್ಲ. ಹೊಸಾಳದ ಹೊಳೆಬಾಗಿಲ್ ಮನಿ ಸೂರ ಶೆಟ್ರ್ ಅಂಬ್ರ್. ನಾನ್ ಕಂಡದ್ದ್ ನೆನಪಿಲ್ಲ. ನಾನ್ ತೊಟ್ಲಂಗಿ‌ಪ್ಪತಿಗೇ ಅಬ್ಬಿ ಜೊತಿ ಸರಿ ಬರ್ಲಿಲ್ಲ, ಬಿಟ್ಟ್ ಹೋದ್ರ್."

"ಅಬ್ಬಿ ಬೇರೆ ಎಂತಾರೂ ಹೇಳ್ತಿದ್ರಾ?"

"ಮೀನಿನ್ ತಲಿ ತಿಂತಿರ್ಲಿಲ್ಲಂಬ್ರ್. ತಲಿ ಬದಿಗ್ ಹಾಕಿ ಉಂಬ ಗಂಡ್ಸನ್ನ ನಾನ್ ಎಲ್ಲೂ ಕಾಣ್ಲಿಲ್ಲ ಅಂತಿದ್ಲ್."

ಶೆಟ್ಟರ ಕೈಯಲ್ಲಿದ್ದ ಅಡಿಕೆ ಅಲ್ಲೇ ಉಳಿಯಿತು. ಅವರ ಬಾಲ್ಯದ ಮನೆಗೆ ಮುಸ್ಸಂಜೆಯಲ್ಲಿ ಒಬ್ಬರು ಬರುತ್ತಿದ್ದರು. ಕಾಲು ತೊಳೆದು, ಮಣೆಯ ಮೇಲೆ ಕೂತು, ಬಂಗುಡೆಯ ತಲೆಯನ್ನು ಮುರಿದು ಪಕ್ಕದಲ್ಲಿ ಕೂತ ಹುಡುಗನ ತಟ್ಟೆಗೆ ಹಾಕುತ್ತಿದ್ದರು. ಬೆಳಕು ಹರಿಯುವ ಮುಂಚೆ ಹೊಳೆಬಾಗಿಲ ಮನೆಗೆ ಹೊರಟುಹೋಗುತ್ತಿದ್ದರು. ಹೆಚ್ಚು ಮಾತನಾಡಿದ ನೆನಪಿಲ್ಲ. ಅವರ ಮುಖವೆಂದರೆ ಶೆಟ್ಟರಿಗೆ ಈಗ ಆ ಕೈ ಮಾತ್ರ, ಮೀನಿನ ತಲೆಯನ್ನು ದಾಟಿಸುವ ಕೈ.

"ಅವ್ರ್ ನನ್ನ ಅಪ್ಪಯ್ಯ," ಎಂದರು.

ಸ್ನೇಹಲತಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಪದ್ದಮ್ಮ ಬಹಳ ಹೊತ್ತು ಶೆಟ್ಟರ ಮುಖ ನೋಡಿದರು. ಆಮೇಲೆ, ಪುಟ್ಟ ಮಗು ಕೇಳುವಂತೆ ಕೇಳಿದರು.

"ಈಗ ಇದ್ರಾ?"

"ಇಲ್ಲ. ನಂಗೆ ಹನ್ನೊಂದ್ ಆಪತಿಗೆ ಹೋದ್ರ್."

"ನಂಗೆ ಯಾರೂ ಹೇಳ್ಲಿಲ್ಲ," ಎಂದು ಮುದುಕಿ ಕಂಬ ಹಿಡಿದು ಮೆಲ್ಲಗೆ ಎದ್ದರು. ಎಲ್ಲಿಗೆಂದು ಮೊಮ್ಮಗಳು ಕೇಳಿದಳು.

"ಅಪ್ಪ ಸತ್ತ ಸುದ್ದಿ ಕೇಂಡ್ಕಂಡ್ ಕೂಕಂಬುದಾ? ನಾನ್ ಮೀಯ್ಕ್."

"ಅಮ್ಮಮ್ಮ, ಅದ್ ಅರ್ವತ್ತ್ ವರ್ಷದ್ ಹಿಂದಿನ್ ಸುದ್ದಿ."

"ನಂಗೆ ಇವತ್ತ್ ಬಂದದ್ದಲೆ."

ಅವರು ಬಾವಿಕಟ್ಟೆಗೆ ಹೋದರು. ಬಿಸಿನೀರು ಕಾಯಿಸುವೆನೆಂದರೂ ಒಪ್ಪಲಿಲ್ಲ. ಸೂತಕದ ಸ್ನಾನಕ್ಕೆ ತಣ್ಣೀರೇ ಆಗಬೇಕೆಂದರು. ಸ್ನೇಹಲತಾ ಸೇದಿಕೊಟ್ಟಳು. ಶೆಟ್ಟರು ಜಗಲಿಯಲ್ಲಿ ಕೂತು, ತಲೆಯಿಂದ ಕಲ್ಲಿಗೆ ಬೀಳುವ ನೀರಿನ ಸದ್ದನ್ನು ಕೇಳಿಸಿಕೊಂಡರು. ಆ ಸದ್ದಿಗೆ ಅರ್ಥ ಹೇಳುವ ಅಗತ್ಯವಿರಲಿಲ್ಲ. ಕೈಯಲ್ಲಿದ್ದ ಅಡಿಕೆಯನ್ನು ಅದರ ಜಾಗದಲ್ಲಿ ಇಟ್ಟರು: ಒಂದು ಕಡೆಗೆ ಪದ್ದಮ್ಮನ ಎಲೆ, ಇನ್ನೊಂದು ಕಡೆಗೆ ತಮ್ಮ ಪಾಲಿನ ಅಡಿಕೆ, ನಡುವೆ ಅದು.

ಒದ್ದೆ ಕೂದಲಿನ ಮುದುಕಿ ಸೀರೆ ಬದಲಿಸಿ ಹೊರಗೆ ಬಂದರು. 'ನೀವು' ಎಂಬುದು ಬಾವಿಕಟ್ಟೆಯಲ್ಲೇ ಕಳಚಿಹೋಗಿತ್ತು.

"ನೀನ್ ನಂಗೆ ತಮ್ಮ ಆದೆ. ಕೂಕೋ. ಉಂಡ್ಕಂಡೇ ಹೋಯ್ಕ್."

ಮರುದಿನ ಊಟಕ್ಕೆ ಅಶೋಕನನ್ನೂ ಕರೆಸಿ, ಶೆಟ್ಟರು ನಡೆದದ್ದನ್ನೆಲ್ಲ ಹೇಳಿದರು. ಸರಸ ನಂಬಲಿಲ್ಲ. ಮುದುಕಿಗೆ ಪ್ರಾಯವಾಗಿದೆ, ಹೆಸರು ತಪ್ಪಿರಬಹುದು, ಸೂರ ಶೆಟ್ಟರು ಊರಿಗೊಬ್ಬರಿದ್ದರು ಎಂದು ವಾದಿಸಿದರು. ಸ್ನೇಹಲತಾ ಬಾವಿಕಟ್ಟೆಯ ಮಾತು ತೆಗೆದಾಗ ಅವರ ಕೈಯ ಸೌಟು ನಿಂತಿತು.

"ಮಿಂದ್ರಾ?"

"ಮಿಂದ್ರ್ ಅತ್ತೆ. ತಣ್ಣೀರಲ್ಲಿ."

ಅದರ ಮೇಲೆ ಸರಸ ವಾದ ಮಾಡಲಿಲ್ಲ. ಮಾತಿನಲ್ಲಿ ಯಾರು ಬೇಕಾದರೂ ಸಂಬಂಧ ಕಟ್ಟಿಯಾರು. ಆ ಪ್ರಾಯದಲ್ಲಿ ತಣ್ಣೀರು ಸುರಿದುಕೊಂಡು ಯಾರೂ ಕಟ್ಟುವುದಿಲ್ಲ. ತುಸು ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದರು.

"ಹಾಂಗಾರೆ ಸ್ನೇಹ ನಿಮ್ಗೆ ಅಕ್ಕನ್ ಮಗ್ಳ್ ಮಗ್ಳ್. ಸೊಸಿಯೂ ಹೌದ್, ಮೊಮ್ಮಗ್ಳೂ ಹೌದ್. ಚಂದ ಆಯ್ತ್." ಮತ್ತೆ ಸೌಟು ಹಿಡಿದು, "ಒಟ್ಟ್ ನಮ್ಮ ಕುಟುಂಬದ್ದ್ ಅಲ್ಲ ಅಂದ್ ಆಯ್ತ್," ಎಂದರು.

"ನಮ್ದೂ ಅಲ್ಲ," ಎಂದಳು ಸ್ನೇಹಲತಾ.

ಅತ್ತೆ ಸೊಸೆ ಒಮ್ಮತಕ್ಕೆ ಬಂದದ್ದು ತಿಂಗಳಲ್ಲಿ ಇದೇ ಮೊದಲು. ತಪ್ಪೆಲ್ಲ ಈಗ ಮನೆಯಲ್ಲಿ ಉಳಿದ ಒಬ್ಬನೇ ಹೊರಗಿನವನ ಪಾಲಿಗೆ ಬಂದಿತ್ತು, ಮತ್ತು ಆ ಹೊರಗಿನವನ ಮುಖದಲ್ಲಿ ಒಂದು ವಿಚಿತ್ರವಾದ ಕಳೆಯಿತ್ತು. ಬೇಸರವಿಲ್ಲವೇ ಎಂದು ಅಶೋಕ್ ತಂದೆಯನ್ನು ಕೇಳಿದ.

"ಎಂತಕೆ ಬೇಜಾರ್?" ಎಂದರು ಶೆಟ್ಟರು. "ಅಪ್ಪಯ್ಯನಿಂದ್ ನಂಗೆ ಎಂತದೂ ಬರ್ಲಿಲ್ಲ ಅಂದ್ಕಂಡಿದ್ದೆ. ಬಳಿ ಬರ್ಲಿಲ್ಲ, ಗದ್ದೆ ಬರ್ಲಿಲ್ಲ. ಇದೊಂದ್ ಬಂದಿತ್ತ್ ಕಾಣ್."

"ಅದೂ ಹಾಳ್‌ದ್."

"ಹಾಳ್‌ದೇ. ಅವ್ರ್ ನಂಗ್ ಕೊಟ್ರ್, ನಾನ್ ನಿಂಗ್ ಕೊಟ್ಟೆ. ನೀನ್ ಒಂದ್ ಸೀಸೆ ಡಾಕ್ಟ್ರಿಗ್ ಕೊಡ್."

ಅಶೋಕ್ ನಗಲು ಹೋಗಿ ನಗಲಿಲ್ಲ. ಮರುದಿನ ಬೆಳಿಗ್ಗೆ ಹೋಟೆಲಿನ ಬಾಗಿಲು ತೆರೆಸದೆ ಆಸ್ಪತ್ರೆಗೆ ಹೋಗಿ ತೋಳು ಚಾಚಿದ. ಸೇರ್ಪಡೆ ಮುಗಿಯುವ ಮುನ್ನ ಫಲ ಬಂತು: ಅದೇ ತಪ್ಪು, ಅದೇ ಜಾಗದಲ್ಲಿ. ಡಾಕ್ಟರ್ ಅನಿಷಾ ಕಥೆಯನ್ನೆಲ್ಲ ಎರಡು ಸಲ ಹೇಳಿಸಿಕೊಂಡು ಕೇಳಿದರು. ಇನ್ನು ಮೇಲೆ ಈ ಊರಿನವರನ್ನು ಕುಟುಂಬವೆಂದು ಕೇಳದೆ, ಅಪ್ಪ ಯಾರು, ಅವರ ಅಪ್ಪ ಯಾರು ಎಂದು ಒಬ್ಬೊಬ್ಬರನ್ನಾಗಿ ಕೇಳುತ್ತೇನೆ ಎಂದರು. ಅಶೋಕನಿಗೆ ಬಂದದ್ದು ಅವನ ತಂಗಿಗೂ ಬಂದಿರಬಹುದು, ಅವಳ ಮಕ್ಕಳನ್ನೂ ಒಮ್ಮೆ ನೋಡಿಸಿದರೆ ಒಳ್ಳೆಯದು ಎಂದೂ ಸೇರಿಸಿದರು. ರಕ್ತಕ್ಕೆ ಕುಟುಂಬದ ಬೇಲಿ ಕಾಣುವುದಿಲ್ಲವೆಂಬುದು ಆಗ ಜೊತೆಗೆ ಬಂದಿದ್ದ ಸರಸರಿಗೆ ತಟ್ಟಿತು. ಅವರು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಮಗಳಿಗೆ ಫೋನು ಮಾಡಿದರು.

ಮೊದಲ ಮಾತ್ರೆಯ ದಿನ ಅನ್ವಿತಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಪರೀಕ್ಷಿಸಿದಳು.

"ಇದ್ ಮದ್ದಾ, ಖಾಲಿದಾ ಅಜ್ಜ?"

"ಯಾರಿಗೂ ಗೊತ್ತಿಲ್ಲ."

"ಡಾಕ್ಟ್ರಿಗೂ?"

"ಡಾಕ್ಟ್ರಿಗೂ."

ತನ್ನ ಶಾಲೆಯ ಟೀಚರಿಗಿಂತ ಈ ಡಾಕ್ಟರು ಮೇಲೆಂದು ನಿರ್ಧರಿಸಿದವಳಂತೆ ತಲೆದೂಗಿ, ನೀರು ಕುಡಿದು ನುಂಗಿದಳು. ಬೇರಿನ ಮದ್ದನ್ನು ಮತ್ತೆ ತರಿಸಬಾರದೆಂದು ಡಾಕ್ಟರ್ ಹೇಳಿದ್ದರು. ಪಥ್ಯ ಬೇಡ, ಹಸಿವಾದದ್ದನ್ನು ತಿನ್ನಲಿ ಎಂದಿದ್ದರು. ಸರಸ ಅಂದು ತಾವೇ ಟೆಂಪೋ ನಿಲ್ಲಿಸಿ ಬಂಗುಡೆ ಆರಿಸಿ ತಂದು ಸಾರು ಮಾಡಿದರು. ಮಧ್ಯಾಹ್ನ ಎಲ್ಲರೂ ಕೂತಾಗ, ತಿಂಗಳುಗಟ್ಟಲೆ ಮೀನಿಲ್ಲದೆ ಉಂಡ ಹುಡುಗಿಗೆ ಮೊದಲ ಪಾಲೆಂದು ದೊಡ್ಡದೊಂದು ತಲೆಯನ್ನೇ ತಟ್ಟೆಗೆ ಹಾಕಿದರು.

ಅನ್ವಿತಾ ಅದನ್ನು ಒಮ್ಮೆ ತಿರುಗಿಸಿ ನೋಡಿದಳು. ಆಮೇಲೆ ಒಂದು ಬೆರಳಿನಿಂದ ತಟ್ಟೆಯ ಅಂಚಿಗೆ ಸರಿಸಿದಳು.

"ನಂಗೆ ತಲಿ ಬ್ಯಾಡ."

ಅಶೋಕ್ ತಂದೆಯ ಕಡೆ ನೋಡಿದ. ಸರಸ ಮೊಮ್ಮಗಳ ತಟ್ಟೆಯನ್ನೂ ಗಂಡನ ಮುಖವನ್ನೂ ಒಂದಾದ ಮೇಲೊಂದು ನೋಡಿ, ಮೆಲ್ಲಗೆ ಹೇಳಿದರು.

"ಕಾಣಿ, ನಿಮ್ಮ ಅಪ್ಪಯ್ಯ ಉಂಬುಕ್ ಬಂದ್ರ್."

ಹನ್ನೊಂದರ ಹುಡುಗನ ಅಭ್ಯಾಸದಲ್ಲೇ ಲೀಲಾಧರ ಶೆಟ್ಟರ ಕೈ ಮುಂದೆ ಹೋಯಿತು. ಆ ತಲೆಯನ್ನು ಎತ್ತಿ ತಮ್ಮ ತಟ್ಟೆಗೆ ಹಾಕಿಕೊಂಡರು.